ಸಂಬಂಧಿಕರ ಮಗು ಸಾಕುತ್ತಿದ್ದೀರಾ? ಕೆಲಸದಲ್ಲಿ ರಜೆ ಪಡೆಯುವ ದಾರಿ, ಹಂತ ಹಂತವಾಗಿ

"ಮಗು ನಿಮ್ದಲ್ವಲ್ಲಮ್ಮ, ಯಾವ ಲೆಕ್ಕದಲ್ಲಿ ರಜೆ ಕೊಡೋಣ?"

ತಂಗಿ ತೀರಿಕೊಂಡ ಮೇಲೆ ಅವಳ ಮಗುವನ್ನು ಮನೆಗೆ ತಂದುಕೊಂಡ ಅಕ್ಕ, ಮೊಮ್ಮಗನನ್ನು ಸಾಕುತ್ತಿರುವ ಅಜ್ಜಿ, ಸೋದರಮಾವ, ಚಿಕ್ಕಪ್ಪ, ಯಾರು ಹೋಗಿ ಕೇಳಿದರೂ ಉತ್ತರ ಹೆಚ್ಚುಕಡಿಮೆ ಇದೇ. ಗೆಜ್ಜಲಗೆರೆ ಕಡೆಯ ಗಾರ್ಮೆಂಟ್ಸ್ ಆಗಲಿ, ಮೈಸೂರಿನ ಹೆಬ್ಬಾಳದ ಕಾರ್ಖಾನೆ ಆಗಲಿ, ಸರ್ಕಾರಿ ಕಚೇರಿ ಆಗಲಿ, ಕೇಳುವವರು ಮಾಡುವ ತಪ್ಪೂ ಒಂದೇ. ಬಾಯಲ್ಲಿ ಕೇಳುತ್ತಾರೆ. ಕೈಯಲ್ಲಿ ನೋಟರಿ ಮಾಡಿಸಿದ ಒಂದು ಸ್ಟಾಂಪ್ ಪೇಪರ್ ಇರುತ್ತದೆ. ಆಗಲ್ಲ ಅಂದಾಗ ಬೇಜಾರಾಗಿ ಮನೆಗೆ ಬಂದು, ಮಾರನೇ ದಿನದಿಂದ ಹೇಳದೆ ಕೇಳದೆ ಕೆಲಸಕ್ಕೆ ಹೋಗುವುದನ್ನೇ ಬಿಡುತ್ತಾರೆ. ಇದ್ದಬದ್ದ ಹಕ್ಕು ಹೋಗುವುದು ಅಲ್ಲೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಸಂಬಂಧಿಕರ ಮಗು ಸಾಕುವವರಿಗೆ ಅಂತಲೇ ಹೆಸರಿಟ್ಟ ರಜೆ ನಮ್ಮ ಕಾನೂನಿನಲ್ಲಿ ಇಲ್ಲ. ರಜೆ ನಿಯಮಗಳೆಲ್ಲ ತಾಯಿ, ತಂದೆ ಅನ್ನುವ ಲೆಕ್ಕದಲ್ಲೇ ಬರೆದಿವೆ. ನಿಮಗೆ ಏನು ಸಿಗುತ್ತದೆ ಅನ್ನುವುದು ಎರಡು ವಿಷಯದ ಮೇಲೆ ನಿಂತಿದೆ: ನಿಮ್ಮ ಕೆಲಸ ಯಾವ ನಿಯಮದ ಕೆಳಗೆ ಬರುತ್ತದೆ, ಮತ್ತು ನಿಮಗೂ ಮಗುವಿಗೂ ನಡುವೆ ಯಾವ ಕಾಗದ ಇದೆ. ಇವೆರಡೂ ಗೊತ್ತಾಗುವ ತನಕ ಯಾರ ಮುಂದೆಯೂ ಹೋಗಿ ನಿಲ್ಲಬೇಡಿ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದ್ದು

ಮಗುವಿನ ಜನನ ಪ್ರಮಾಣಪತ್ರ. ತಂದೆ-ತಾಯಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ. ನೀವು ಮಗುವಿಗೆ ಏನಾಗಬೇಕು ಅಂತ ತೋರಿಸುವ ವಂಶವೃಕ್ಷ, ಇದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಮಗು ನಿಮ್ಮ ಮನೆಯಲ್ಲೇ ಇದೆ ಅನ್ನುವುದಕ್ಕೆ ಸಾಕ್ಷಿ: ಶಾಲೆ ಅಥವಾ ಅಂಗನವಾಡಿಯಿಂದ ಪತ್ರ, ಲಸಿಕೆ ಹಾಕಿಸಿದ ತಾಯಿ ಕಾರ್ಡು, ಆಸ್ಪತ್ರೆ ಚೀಟಿ, ರೇಷನ್ ಕಾರ್ಡಿನಲ್ಲಿ ಹೆಸರು ಸೇರಿದ್ದರೆ ಅದು.

ನಿಮ್ಮ ಕಡೆಯಿಂದ ನೇಮಕಾತಿ ಪತ್ರ, ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡು ಇದ್ದರೆ ಅದರ ನಕಲು. ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಮಾಡಿಸಿಡಿ. ಒರಿಜಿನಲ್ ಯಾರ ಕೈಗೂ ಬಿಟ್ಟುಕೊಡಬೇಡಿ. ಎಚ್‌ಆರ್ ಮೇಡಂ ಎಷ್ಟೇ ಒಳ್ಳೆಯವರಿರಲಿ.

ಹೆಸರುಗಳ ಕಾಗುಣಿತ ಈಗಲೇ ನೋಡಿಕೊಳ್ಳಿ. ಜನನ ಪತ್ರದಲ್ಲಿ 'ಸವಿತಾ', ಆಧಾರ್‌ನಲ್ಲಿ 'ಸವಿತ', ಮರಣ ಪತ್ರದಲ್ಲಿ 'ಸವಿತಮ್ಮ' ಅಂತ ಇದ್ದರೆ ಆಮೇಲೆ ಪ್ರತಿ ಮೇಜಿನಲ್ಲೂ ಅದೇ ಕ್ಯಾತೆ.

## ಹಂತ 1: ಎಷ್ಟು ದಿನ ಬೇಕು ಅಂತ ಮೊದಲು ತೀರ್ಮಾನಿಸಿ

ಮಗುವಿಗೆ ಜ್ವರ, ನಾಲ್ಕು ದಿನ ಬೇಕು ಅನ್ನುವುದು ಬೇರೆ. ತಿಂಗಳ ಕೂಸು ಮನೆಗೆ ಬಂದಿದೆ, ಮೂರು ತಿಂಗಳು ಬೇಕು ಅನ್ನುವುದು ಬೇರೆ. ಮೊದಲನೆಯದಕ್ಕೆ ನಿಮ್ಮ ಖಾತೆಯಲ್ಲಿರುವ ಮಾಮೂಲಿ ರಜೆಯೇ ಸಾಕು, ಕಾರಣ ಕೇಳಿದರೆ ಒಂದು ಸಾಲು ಬರೆದರಾಯಿತು. ಎರಡನೆಯದಕ್ಕೆ ದತ್ತು ರಜೆ, ಶಿಶುಪಾಲನಾ ರಜೆ ಅಥವಾ ಸಂಬಳವಿಲ್ಲದ ರಜೆ ಬೇಕು, ಅವಕ್ಕೆ ಕಾಗದ ಬೇಕು. ಸುಮ್ನೆ "ಮಗುವಿಗೋಸ್ಕರ ಸ್ವಲ್ಪ ದಿನ ರಜೆ ಕೊಡಿ" ಅಂತ ಕೇಳಿದರೆ ಎದುರಿನವರಿಗೆ ಬೇಡ ಅನ್ನುವುದೇ ಸುಲಭ.

ಇಂತಿಷ್ಟು ದಿನ, ಇಂಥ ದಿನದಿಂದ ಇಂಥ ದಿನದವರೆಗೆ, ಆಮೇಲೆ ಮಗುವನ್ನು ನೋಡಿಕೊಳ್ಳುವವರು ಇಂಥವರು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

## ಹಂತ 2: ನಿಮ್ಮ ಕೆಲಸ ಯಾವ ನಿಯಮದ ಕೆಳಗೆ ಬರುತ್ತದೆ?

ಜಾಸ್ತಿ ಜನ ಎಡವುವುದು ಇಲ್ಲೇ. ಪಕ್ಕದ ಮನೆಯ ಟೀಚರ್‌ಗೆ ಆರು ತಿಂಗಳು ಸಿಕ್ಕಿತು ಅಂತ ಗಾರ್ಮೆಂಟ್ಸ್‌ನಲ್ಲಿ ಹೋಗಿ ಕೇಳುತ್ತಾರೆ. ಆ ನಿಯಮವೇ ಬೇರೆ, ಈ ನಿಯಮವೇ ಬೇರೆ.

ಕೇಂದ್ರ ಸರ್ಕಾರದ ನೌಕರರು. ಅಂಚೆ ಇಲಾಖೆ, ಭಾರತೀಯ ಭಾಷಾ ಸಂಸ್ಥಾನದಂಥ ಕಚೇರಿಗಳ ಕಾಯಂ ನೌಕರರಿಗೆ 1972ರ ಕೇಂದ್ರ ರಜೆ ನಿಯಮಗಳು ಅನ್ವಯಿಸುತ್ತವೆ. ರೈಲ್ವೆಗೆ ಅದರದೇ ನಿಯಮ, ಆದರೆ ಶಿಶುಪಾಲನಾ ರಜೆ ಹೆಚ್ಚುಕಡಿಮೆ ಇದೇ ತರಹ. ಸಿಎಫ್‌ಟಿಆರ್‌ಐ ತರಹದ ಸಂಶೋಧನಾ ಸಂಸ್ಥೆಗಳೂ ಸಾಮಾನ್ಯವಾಗಿ ಕೇಂದ್ರದ ನಿಯಮದ ದಾರಿಯಲ್ಲೇ ಹೋಗುತ್ತವೆ. ಶಿಶುಪಾಲನಾ ರಜೆ ಇಡೀ ಸೇವೆಯಲ್ಲಿ 730 ದಿನ. ಮೊದಲ 365 ದಿನಕ್ಕೆ ಪೂರ್ತಿ ಸಂಬಳ, ಮುಂದಿನ 365 ದಿನಕ್ಕೆ ಶೇ. 80. ಒಂದು ಸಲಕ್ಕೆ ಕನಿಷ್ಠ 5 ದಿನ, ವರ್ಷಕ್ಕೆ ಮೂರು ಸಲಕ್ಕಿಂತ ಹೆಚ್ಚಿಲ್ಲ, ಒಂಟಿ ಮಹಿಳೆಗೆ ಆರು ಸಲ. ಮಹಿಳೆಯರಿಗೆ ಮತ್ತು ಒಂಟಿ ಪುರುಷರಿಗೆ ಮಾತ್ರ ಇದು. ಒಂಟಿ ಪುರುಷ ಅಂದರೆ ಮದುವೆಯಾಗದವರು, ವಿಧುರರು, ವಿಚ್ಛೇದಿತರು.

ಇದರಲ್ಲಿ ಒಂದು ಕೊಕ್ಕೆ ಇದೆ. ಈ ರಜೆ ಬದುಕಿರುವ ಮೊದಲ ಇಬ್ಬರು ದೊಡ್ಡ ಮಕ್ಕಳಿಗೆ ಮಾತ್ರ. ನಿಮಗೆ ಈಗಾಗಲೇ ಇಬ್ಬರು ಮಕ್ಕಳಿದ್ದು, ಅವರಿಗಿಂತ ಚಿಕ್ಕದಾದ ಅಣ್ಣನ ಮಗುವನ್ನು ದತ್ತು ತೆಗೆದುಕೊಂಡರೂ ಆ ಮೂರನೇ ಮಗುವಿನ ಹೆಸರಿನಲ್ಲಿ ಶಿಶುಪಾಲನಾ ರಜೆ ಬರುವುದಿಲ್ಲ. ರಜೆ ಸಿಗುತ್ತದೆ ಅಂತಲೇ ದತ್ತು ಮಾಡಿಕೊಳ್ಳಲು ಹೊರಟವರು ಇದನ್ನು ಇನ್ನೊಂದು ಸಲ ಓದಿ.

ದತ್ತು ರಜೆ ಬೇರೆ. ಒಂದು ವರ್ಷದೊಳಗಿನ ಮಗುವನ್ನು ಕಾನೂನುಬದ್ಧವಾಗಿ ದತ್ತು ಪಡೆದ ಮಹಿಳಾ ನೌಕರರಿಗೆ 180 ದಿನ, ಪುರುಷರಿಗೆ 15 ದಿನ. ಇಲ್ಲೂ ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇರಬೇಕು. ಆದರೆ ಈ ನಿಯಮದಲ್ಲೇ ಬಹಳ ಜನ ಓದದೆ ಬಿಡುವ ಒಂದು ವಿವರಣೆ ಇದೆ, ನಮ್ಮಂಥವರಿಗೆ ಅದೇ ಮುಖ್ಯ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಪ್ರಕಾರ ಅಥವಾ ನಿಮ್ಮ ವೈಯಕ್ತಿಕ ಕಾನೂನಿನ ಪ್ರಕಾರ 'ವಾರ್ಡ್' ಆಗಿ, ಅಂದರೆ ನಿಮ್ಮನ್ನು ಗಾರ್ಡಿಯನ್ (ಪಾಲಕರು) ಮಾಡಿ ನಿಮ್ಮ ಪಾಲನೆಗೆ ಕೊಟ್ಟ ಮಗುವಾಗಿ, ಪಡೆದ ಮಗುವೂ ಈ ರಜೆಗೆ 'ಮಗು' ಅನ್ನಿಸಿಕೊಳ್ಳುತ್ತದೆ. ಅದಕ್ಕೆ ಷರತ್ತುಗಳಿವೆ: ಮಗು ನಿಮ್ಮ ಜೊತೆಯಲ್ಲೇ ಇರಬೇಕು, ಮನೆಯ ಸದಸ್ಯನಂತೆ ಬೆಳೆಯುತ್ತಿರಬೇಕು, ಮತ್ತು ಸ್ವಂತ ಮಗುವಿಗೆ ಇರುವ ಸ್ಥಾನವನ್ನೇ ಆ ಮಗುವಿಗೂ ಕೊಟ್ಟು ನೀವು ಒಂದು ವಿಶೇಷ ವಿಲ್ ಬರೆದಿರಬೇಕು. ಕೋರ್ಟ್ ಆದೇಶ ತಂದು, ವಿಲ್ ಬರೆಯದೆ ಅರ್ಜಿ ಹಾಕಿದರೆ ಅಷ್ಟು ದೂರ ಬಂದೂ ವಾಪಸ್.

ಹಳ್ಳಿ ಅಂಚೆ ಕಚೇರಿಯ ಗ್ರಾಮೀಣ ಡಾಕ್ ಸೇವಕರಿಗೆ ಈ ರಜೆ ನಿಯಮಗಳು ಅನ್ವಯಿಸುವುದಿಲ್ಲ. ಅವರ ನಿಯಮಾವಳಿ ಬೇರೆ.

ರಾಜ್ಯ ಸರ್ಕಾರದ ನೌಕರರು. 2021ರಿಂದ ಮಹಿಳಾ ನೌಕರರಿಗೆ 180 ದಿನದ ಶಿಶುಪಾಲನಾ ರಜೆ ಇದೆ, ಮಗುವಿಗೆ 18 ತುಂಬುವ ತನಕ. 2023ರಲ್ಲಿ ಒಂಟಿ ಪುರುಷ ನೌಕರರಿಗೂ ಕೊಟ್ಟರು. ದತ್ತು ರಜೆ ಪ್ರತ್ಯೇಕ. ಇದು ಬಿಟ್ಟು ಗಳಿಕೆ ರಜೆ, ಅರ್ಧ ವೇತನ ರಜೆ ನಿಮ್ಮ ಖಾತೆಯಲ್ಲಿ ಇದ್ದೇ ಇರುತ್ತವೆ, ಅವಕ್ಕೆ ಮಗು ಯಾರದ್ದು ಅಂತ ಯಾರೂ ಕೇಳುವುದಿಲ್ಲ. ಕೆಎಸ್‌ಆರ್‌ಟಿಸಿ, ಚೆಸ್ಕಾಂ ತರಹದ ಸಂಸ್ಥೆಗಳಿಗೆ ತಮ್ಮದೇ ಸೇವಾ ನಿಯಮಗಳಿವೆ, ಅಲ್ಲಿನ ಸಿಬ್ಬಂದಿ ಶಾಖೆಯಲ್ಲೇ ಕೇಳಿ. ಹೊರಗುತ್ತಿಗೆಯವರಾಗಿದ್ದರೆ ನಿಮ್ಮ ಮಾಲೀಕರು ಗುತ್ತಿಗೆದಾರರು, ಕಚೇರಿಯಲ್ಲ. ಮುಂದಿನ ಪ್ಯಾರಾ ನಿಮಗೆ.

ಕಾರ್ಖಾನೆ, ಗಾರ್ಮೆಂಟ್ಸ್. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ವರ್ಷಕ್ಕೆ 180 ದಿನ ಕೆಲಸ ಮಾಡಿದ್ದರೆ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳದ ರಜೆ. ಹಳೇ ಕಾಯ್ದೆಯಲ್ಲಿ 240 ದಿನ ಬೇಕಿತ್ತು, ಈಗಲೂ ಕೆಲವು ಕಡೆ ಅದನ್ನೇ ಹೇಳಿ ಕಳಿಸುತ್ತಾರೆ. ಮುಂದಿನ ವರ್ಷಕ್ಕೆ 30 ದಿನದವರೆಗೆ ಒಯ್ಯಬಹುದು. ನೀವು ಕೇಳಿಯೂ ಅವರು ಕೊಡದಿದ್ದರೆ ಆ ರಜೆಗೆ ಈ 30ರ ಮಿತಿ ಇಲ್ಲ. ಬರವಣಿಗೆಯಲ್ಲಿ ಕೇಳಿ ಅಂತ ಪದೇ ಪದೇ ಹೇಳುವುದು ಇದಕ್ಕೇ.

50 ಜನಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೂಸಿನ ಮನೆ ಇರಬೇಕು. ಉದ್ದ ರಜೆಗಿಂತ ಇದು ಹೆಚ್ಚು ಪ್ರಯೋಜನಕ್ಕೆ ಬರುತ್ತದೆ ಅಂತ ನನ್ನ ಲೆಕ್ಕ. ಆದರೆ ಅಲ್ಲೂ 'ನೌಕರರ ಮಕ್ಕಳು' ಅಂತಲೇ ಬರೆದಿರುವುದರಿಂದ ಗಾರ್ಡಿಯನ್ ಆದೇಶ ಅಥವಾ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ (ಎರಡೂ ಹಂತ 3ರಲ್ಲಿವೆ) ನಕಲು ಜೊತೆಯಲ್ಲಿಟ್ಟು ಕೇಳಿ.

ಅಂಗಡಿ, ಹೋಟೆಲ್, ಖಾಸಗಿ ಕಚೇರಿ, ಐಟಿ. ಇವಕ್ಕೆ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದರ 15ನೇ ಸೆಕ್ಷನ್ ಓದಿ. ಗಳಿಕೆ ರಜೆಯ ಜೊತೆಗೆ ವರ್ಷಕ್ಕೆ 12 ದಿನ ಸಂಬಳದ ರಜೆ, ಕಾಯಿಲೆ, ಅಪಘಾತ 'ಅಥವಾ ಇತರ ಸಮಂಜಸ ಕಾರಣ'ಕ್ಕೆ. ಈ ಕೊನೆಯ ಮಾತು ನಿಮ್ಮದು. ಮನೆಯಲ್ಲಿ ತಾಯಿಯಿಲ್ಲದ ಕೂಸಿಗೆ ಹುಷಾರಿಲ್ಲ ಅನ್ನುವುದು ಸಮಂಜಸ ಕಾರಣ ಅಲ್ಲ ಅಂತ ಯಾವ ಮಾಲೀಕರೂ ಬರೆದುಕೊಡಲು ಹಿಂಜರಿಯುತ್ತಾರೆ. ದೇವರಾಜ ಅರಸು ರಸ್ತೆಯ ಸೀರೆ ಅಂಗಡಿಯಲ್ಲಿ ನಿಂತು ಕೆಲಸ ಮಾಡುವ ಹುಡುಗಿಗೂ ಇದು ಅನ್ವಯಿಸುತ್ತದೆ, ಹವಾನಿಯಂತ್ರಿತ ಕಚೇರಿಯ ಎಂಜಿನಿಯರ್‌ಗೂ.

ಖಾಸಗಿಯಲ್ಲಿ ದತ್ತು ಪಡೆದ ಮಹಿಳೆಗೆ ಮಗು ಕೈಗೆ ಬಂದ ದಿನದಿಂದ 12 ವಾರ ಹೆರಿಗೆ ಸೌಲಭ್ಯ ಇದೆ. ಇಎಸ್‌ಐ ಇದ್ದವರಿಗೆ ಅದು ಇಎಸ್‌ಐ ಕಡೆಯಿಂದ ಬರುತ್ತದೆ. ಕಾಯ್ದೆಯಲ್ಲಿ ಮೂರು ತಿಂಗಳೊಳಗಿನ ಮಗು ಅಂತ ಬರೆದಿತ್ತು, ಈ ವಯಸ್ಸಿನ ಮಿತಿಯನ್ನು 2026ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಹಾಗಾಗಿ ಮಗುವಿಗೆ ಮೂರು ತಿಂಗಳು ದಾಟಿದ್ದರೂ ಅರ್ಜಿ ಕೊಡಿ. ತಿರಸ್ಕರಿಸುವುದಾದರೆ ಬರೆದು ತಿರಸ್ಕರಿಸಲಿ.

## ಹಂತ 3: ಮಗುವಿನ ಕಾಗದ, ಯಾವುದು ನಡೆಯುತ್ತದೆ, ಯಾವುದು ನಡೆಯಲ್ಲ

ನೋಟರಿ ಅಫಿಡವಿಟ್ ನಡೆಯಲ್ಲ. ಊರಿನ ಪಂಚಾಯ್ತಿದಾರರು ಸಹಿ ಹಾಕಿದ ಪತ್ರವೂ ನಡೆಯಲ್ಲ. ಕೋರ್ಟ್ ಹತ್ತಿರ ಟೈಪ್ ಮಾಡಿಸಿ, ಸ್ಟಾಂಪ್ ಪೇಪರ್ ಮೇಲೆ 'ಇಂದಿನಿಂದ ಈ ಮಗುವಿನ ಪೂರ್ತಿ ಜವಾಬ್ದಾರಿ ನನ್ನದು' ಅಂತ ಬರೆಸಿಕೊಂಡು ಬಂದವರನ್ನು ನೋಡಿದರೆ ಬೇಜಾರಾಗುತ್ತದೆ. ಅದು ನಿಮ್ಮ ಮಾತಿಗೆ ಸಾಕ್ಷಿ ಅಷ್ಟೇ. ಮಗುವಿನ ಮೇಲೆ ನಿಮಗೆ ಯಾವ ಅಧಿಕಾರವನ್ನೂ ಕೊಡುವುದಿಲ್ಲ.

ನಡೆಯುವ ದಾರಿಗಳು ಮೂರು.

1. ಗಾರ್ಡಿಯನ್ ಆದೇಶ. ಹಿಂದೂ ಕಾನೂನಿನಲ್ಲಿ ಸಹಜ ಪಾಲಕರು ತಂದೆ, ಆಮೇಲೆ ತಾಯಿ. ಅಜ್ಜಿ-ತಾತ, ಅತ್ತೆ-ಮಾವ ಯಾರೂ ತಾವಾಗಿಯೇ ಪಾಲಕರಾಗುವುದಿಲ್ಲ. ಅದಕ್ಕೆ 1890ರ ಕಾಯ್ದೆ ಪ್ರಕಾರ ಅರ್ಜಿ ಹಾಕಬೇಕು. ಎಲ್ಲಿ ಹಾಕಬೇಕು ಅನ್ನುವುದು ಮಗು ಎಲ್ಲಿ ವಾಸವಾಗಿದೆ ಅನ್ನುವುದರ ಮೇಲೆ, ನೀವು ಎಲ್ಲಿ ಕೆಲಸ ಮಾಡುತ್ತೀರಿ ಅನ್ನುವುದರ ಮೇಲಲ್ಲ. ಮಗು ನಾಗಮಂಗಲದ ಅಜ್ಜಿ ಮನೆಯಲ್ಲಿದ್ದು ನೀವು ಮೈಸೂರಿನಲ್ಲಿ ಕೆಲಸಕ್ಕಿದ್ದರೆ ಅರ್ಜಿ ಮಂಡ್ಯ ಜಿಲ್ಲೆಯಲ್ಲೇ. ಹಾಗಿದ್ದಾಗ 'ಮಗು ನನ್ನ ಜೊತೆ ಇದೆ' ಅಂತ ರಜೆ ಕೇಳುವುದೂ ಕಷ್ಟ. ಮಗುವನ್ನು ಮನೆಗೆ ಕರೆತಂದು, ಶಾಲೆಗೋ ಅಂಗನವಾಡಿಗೋ ಸೇರಿಸಿ, ಆಮೇಲೆ ಅರ್ಜಿ ಹಾಕಿ.

ತಂದೆ ಅಥವಾ ತಾಯಿ ಬದುಕಿದ್ದು, ಅವರು ಪಾಲಕರಾಗಲು ಅಯೋಗ್ಯರಲ್ಲ ಅಂತ ಕೋರ್ಟ್‌ಗೆ ಅನ್ನಿಸಿದರೆ ನಿಮ್ಮನ್ನು ಗಾರ್ಡಿಯನ್ ಮಾಡುವಂತಿಲ್ಲ, ಕಾಯ್ದೆಯ 19ನೇ ಸೆಕ್ಷನ್ ಹಾಗಿದೆ. ತಮ್ಮ ದುಬೈಗೆ ಹೋಗಿದ್ದಾನೆ, ಮಗು ನಮ್ಮ ಹತ್ತಿರ ಇದೆ ಅನ್ನುವಷ್ಟಕ್ಕೇ ಆದೇಶ ಸಿಗುವುದು ಕಷ್ಟ. ತಂದೆ ಎಲ್ಲಿದ್ದಾನೋ ಗೊತ್ತಿಲ್ಲ, ಕುಡಿದು ಹೊಡೆಯುತ್ತಿದ್ದ, ಜೈಲಿನಲ್ಲಿದ್ದಾನೆ, ಇಂಥದ್ದಿದ್ದರೆ ಆಧಾರ ಸಮೇತ ಬರೆಯಿರಿ. ಪೊಲೀಸ್ ದೂರಿನ ಪ್ರತಿ ಇದ್ದರೆ ಹಾಕಿ. ತಂದೆ-ತಾಯಿಗೆ ನೋಟಿಸ್ ಹೋಗುತ್ತದೆ, ಅದನ್ನು ತಪ್ಪಿಸಲು ಸುಳ್ಳು ವಿಳಾಸ ಕೊಡಬೇಡಿ.

ವಕೀಲರ ಫೀಸಿಗೆ ಹೆದರಿ ಎಷ್ಟೋ ಜನ ಇಲ್ಲೇ ನಿಲ್ಲುತ್ತಾರೆ. ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮೈಸೂರಿನಲ್ಲೂ ಮಂಡ್ಯದಲ್ಲೂ ಇದೆ, ತಾಲ್ಲೂಕು ಕೋರ್ಟ್‌ಗಳಲ್ಲಿ ಸಮಿತಿ ಇದೆ. ಸಹಾಯವಾಣಿ 15100. ಆದೇಶ ಬರಲು ತಿಂಗಳುಗಟ್ಟಲೆ ಆಗುತ್ತದೆ, ಅದಕ್ಕೇ ಮಧ್ಯಂತರ ಆದೇಶವನ್ನೂ ಕೇಳಿ ಅಂತ ವಕೀಲರಿಗೆ ಮೊದಲ ದಿನವೇ ಹೇಳಿ, ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಅವಕಾಶ ಇದೆ. ರಜೆ ಅರ್ಜಿಗೆ ಆ ಒಂದು ಹಾಳೆ ಬಹಳ ಕೆಲಸ ಮಾಡುತ್ತದೆ.

2. ಮಕ್ಕಳ ಕಲ್ಯಾಣ ಸಮಿತಿಯ ಆದೇಶ. ಮಗುವಿಗೆ ತಂದೆ-ತಾಯಿ ಇಬ್ಬರೂ ಇಲ್ಲ, ಅಥವಾ ಬಿಟ್ಟುಹೋಗಿದ್ದಾರೆ ಅಂದರೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ವಿಚಾರಣೆ ಮಾಡಿ, ಮಗುವನ್ನು ಸೂಕ್ತ ವ್ಯಕ್ತಿಯಾಗಿ ನಿಮ್ಮ ವಶಕ್ಕೆ ಕೊಡಬಹುದು. ಸಮಿತಿ ಮುಂದೆ ಹೋದರೆ ಮಗುವನ್ನು ಕಿತ್ತುಕೊಂಡು ಬಾಲಮಂದಿರಕ್ಕೆ ಹಾಕುತ್ತಾರೆ ಅಂತ ಹೆದರುವವರೇ ಜಾಸ್ತಿ. ಆದರೆ ಕಾಯ್ದೆ ಹೇಳುವುದು ಸಂಸ್ಥೆ ಕೊನೆಯ ಆಯ್ಕೆ, ಕುಟುಂಬವೇ ಮೊದಲು ಅಂತ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋದರೆ ದಾರಿ ತೋರಿಸುತ್ತಾರೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೂ ಆಗುತ್ತದೆ. ಅಲ್ಲೇ ಮಿಷನ್ ವಾತ್ಸಲ್ಯ ಅನ್ನುವ ಸರ್ಕಾರಿ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವ (ತಿಂಗಳ ಸಹಾಯಧನ) ಕೂಡ ಕೇಳಿ. ಸಂಬಂಧಿಕರ ಮನೆಯಲ್ಲಿ ಬೆಳೆಯುತ್ತಿರುವ ಅನಾಥ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ, ಹಳ್ಳಿಯಲ್ಲಿ ವಾರ್ಷಿಕ ಆದಾಯ 72,000, ಪಟ್ಟಣದಲ್ಲಿ 96,000 ರೂಪಾಯಿ ದಾಟಿರಬಾರದು. ಸಂಬಳವಿಲ್ಲದ ರಜೆ ಹಾಕಿದ ತಿಂಗಳು ಹಾಲಿನ ಬಿಲ್ಲಿಗಾದರೂ ಆಗುತ್ತದೆ.

3. ದತ್ತು. ಎರಡು ಕಾನೂನು ಇವೆ. 1956ರ ಹಿಂದೂ ದತ್ತು ಕಾಯ್ದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿತ ದತ್ತು ಪತ್ರ. ಇಲ್ಲಿ ನಿಮಗೆ ಗಂಡು ಮಗ ಇದ್ದರೆ ಗಂಡು ಮಗುವನ್ನು ಪಡೆಯುವಂತಿಲ್ಲ, ಹೆಣ್ಣಿಗೂ ಹಾಗೇ. ಗಂಡಸು ಹೆಣ್ಣು ಮಗುವನ್ನು, ಹೆಂಗಸು ಗಂಡು ಮಗುವನ್ನು ಪಡೆಯುವುದಾದರೆ 21 ವರ್ಷ ವಯಸ್ಸಿನ ಅಂತರ ಬೇಕು. ತಂದೆ-ತಾಯಿ ಇಬ್ಬರೂ ತೀರಿಕೊಂಡಿದ್ದರೆ ಮಗುವನ್ನು ದತ್ತು ಕೊಡುವವರೇ ಇಲ್ಲ ಅಲ್ವಾ? ಆಗ ಗಾರ್ಡಿಯನ್ ಕೊಡಬೇಕು, ಅದಕ್ಕೆ ಕೋರ್ಟ್ ಅನುಮತಿ ಬೇಕು. ಅಜ್ಜಿ ಸಹಿ ಹಾಕಿ ಕೊಟ್ಟುಬಿಟ್ಟರೆ ಆ ಪತ್ರ ನಿಲ್ಲುವುದಿಲ್ಲ.

ಇನ್ನೊಂದು 2015ರ ಬಾಲನ್ಯಾಯ ಕಾಯ್ದೆ, ಎಲ್ಲ ಧರ್ಮದವರಿಗೂ. ಸಂಬಂಧಿಕರೊಳಗಿನ ದತ್ತುವಿಗೆ ಸರ್ಕಾರದ ದತ್ತು ವೆಬ್‌ಸೈಟ್ ಆದ ಕೇರಿಂಗ್ಸ್ ಪೋರ್ಟಲ್‌ನಲ್ಲಿ ನೋಂದಣಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಪರಿಶೀಲನೆ, ಆಮೇಲೆ ಜಿಲ್ಲಾಧಿಕಾರಿಗಳ ಆದೇಶ. 2022ರ ಸೆಪ್ಟೆಂಬರ್‌ನಿಂದ ಆದೇಶ ಕೊಡುವುದು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿಗಳು. ಈ ಕಾಯ್ದೆಯಲ್ಲಿ 'ಸಂಬಂಧಿ' ಅಂದರೆ ತಂದೆ ಕಡೆಯ, ತಾಯಿ ಕಡೆಯ ಚಿಕ್ಕಪ್ಪ-ದೊಡ್ಡಪ್ಪ, ಸೋದರಮಾವ, ಅತ್ತೆ, ಚಿಕ್ಕಮ್ಮ-ದೊಡ್ಡಮ್ಮ, ಅಜ್ಜ-ಅಜ್ಜಿ ಮಾತ್ರ. ತಮ್ಮ-ತಂಗಿಯರನ್ನು ಸಾಕುತ್ತಿರುವ ಅಕ್ಕ ಈ ಪಟ್ಟಿಯಲ್ಲಿಲ್ಲ, ಅವಳಿಗೆ ಗಾರ್ಡಿಯನ್ ದಾರಿಯೇ ಸರಿ.

ದತ್ತು ಆದ ಮೇಲೆ ಮಗು ಕಾನೂನಿನಲ್ಲಿ ಪೂರ್ತಿ ನಿಮ್ಮದು. ರಜೆ ಕೊಡದಿರಲು 'ನಿಮ್ಮ ಮಗುವಲ್ಲ' ಅನ್ನುವ ನೆಪ ಇರುವುದಿಲ್ಲ. ಆದರೆ ಹೆತ್ತವರ ಮನೆಯ ಜೊತೆಗಿನ ಕಾನೂನು ಸಂಬಂಧವೂ ಕಡಿಯುತ್ತದೆ. ತೀರಿಕೊಂಡ ತಂದೆಯ ಪಿಂಚಣಿ, ಅಪಘಾತದ ಪರಿಹಾರ, ಊರಿನ ಜಮೀನು ಏನಾದರೂ ಮಗುವಿಗೆ ಬರಬೇಕಿದ್ದರೆ ಮೊದಲು ವಕೀಲರ ಹತ್ತಿರ ಕೂತು ಮಾತಾಡಿ. ಬರೀ ರಜೆಗೋಸ್ಕರ ದತ್ತು ಬೇಡವೇ ಬೇಡ.

## ಹಂತ 4: ಬಾಣಂತಿ ತೀರಿಕೊಂಡಿದ್ದರೆ ಅವಳ ಹಣ ಬಿಡಬೇಡಿ

ಇದು ನಿಮ್ಮ ರಜೆಯಲ್ಲ, ಆದರೂ ಇಲ್ಲೇ ಹೇಳಬೇಕು. ಕೆಲಸದಲ್ಲಿದ್ದ ಮಗಳೋ ಸೊಸೆಯೋ ಹೆರಿಗೆಯಲ್ಲಿ ಅಥವಾ ಬಾಣಂತನದ ಅವಧಿಯಲ್ಲಿ ತೀರಿಕೊಂಡು ಕೂಸು ಉಳಿದಿದ್ದರೆ, ಅವಳಿಗೆ ಬರಬೇಕಿದ್ದ ಹೆರಿಗೆ ಸೌಲಭ್ಯ ಪೂರ್ತಿ ಅವಧಿಗೂ ಬರಬೇಕು. ಅವಳು ನಾಮಿನಿ ಮಾಡಿದವರಿಗೆ, ಇಲ್ಲದಿದ್ದರೆ ವಾರಸುದಾರರಿಗೆ. ಇಎಸ್‌ಐ ಇದ್ದರೆ ಅಲ್ಲಿಂದ, ಇಲ್ಲದಿದ್ದರೆ ಮಾಲೀಕರಿಂದ. ದುಃಖದಲ್ಲಿ ಯಾರೂ ಕೇಳುವುದಿಲ್ಲ, ಕಂಪನಿಯವರು ತಾವಾಗಿ ಹೇಳುವುದಿಲ್ಲ. ಮರಣ ಪತ್ರ, ಮಗುವಿನ ಜನನ ಪತ್ರ ಇಟ್ಟು ಅವಳು ಕೆಲಸ ಮಾಡುತ್ತಿದ್ದ ಕಡೆ ಲಿಖಿತವಾಗಿ ಕೇಳಿ. ಆ ಹಣವಿದ್ದರೆ ನೀವು ಸಂಬಳವಿಲ್ಲದ ರಜೆ ಹಾಕುವುದು ಸ್ವಲ್ಪ ಹಗುರವಾಗುತ್ತದೆ.

ಇನ್ನೊಂದು ಸಣ್ಣ ವಿಷಯ. ನೀವು ಇಎಸ್‌ಐ ಕಾರ್ಡುದಾರರು, ಮದುವೆಯಾಗಿಲ್ಲ, ಅಪ್ಪ-ಅಮ್ಮ ಇಬ್ಬರೂ ಇಲ್ಲ ಅಂದರೆ ನಿಮ್ಮನ್ನೇ ಪೂರ್ತಿ ನಂಬಿರುವ ಅಪ್ರಾಪ್ತ ತಮ್ಮ-ತಂಗಿಯನ್ನು ಕುಟುಂಬದವರಾಗಿ ಸೇರಿಸಬಹುದು. ಕೆಆರ್‌ಎಸ್ ರಸ್ತೆಯ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ.

## ಹಂತ 5: ಅರ್ಜಿ ಬರೆಯುವುದು, ಕೊಡುವುದು

ಕನಿಷ್ಠ 15 ದಿನ ಮುಂಚೆ ಕೊಡಿ. ತುರ್ತು ಇದ್ದರೆ ಅದೇ ದಿನ ವಾಟ್ಸ್ಆಪ್ ಅಥವಾ ಇಮೇಲ್ ಮಾಡಿ, ಮೂಲ ಅರ್ಜಿ ಆಮೇಲೆ ಕೊಡಿ. ಕಥೆ ಬೇಡ. ಒಂದು ಪುಟ ಸಾಕು. ಹೀಗೆ:

"ನನ್ನ ತಂಗಿ ದಿನಾಂಕ … ರಂದು ತೀರಿಕೊಂಡಿದ್ದು, ಅವಳ ಮಗು (ವಯಸ್ಸು …) ಅಂದಿನಿಂದ ನನ್ನ ಮನೆಯಲ್ಲಿ ನನ್ನ ಪಾಲನೆಯಲ್ಲಿದೆ. ಮಾನ್ಯ ನ್ಯಾಯಾಲಯದ ಆದೇಶದ ಪ್ರತಿ ಲಗತ್ತಿಸಿದ್ದೇನೆ. ಮಗುವಿನ ಆರೈಕೆಗಾಗಿ ದಿನಾಂಕ … ರಿಂದ … ರವರೆಗೆ ರಜೆ ಬೇಕಾಗಿದೆ. ಇದರಲ್ಲಿ ಮೊದಲ … ದಿನ ನನ್ನ ಖಾತೆಯಲ್ಲಿರುವ ಗಳಿಕೆ ರಜೆ, ಉಳಿದ … ದಿನ ವೇತನರಹಿತ ರಜೆಯಾಗಿ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಮಂಜೂರು ಮಾಡಲಾಗದಿದ್ದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ."

ಕೊನೆಯ ಸಾಲು ಬಿಡಲೇಬೇಡಿ. ಯಾವ ರಜೆ ಎಷ್ಟು ದಿನ ಅಂತ ಒಡೆದು ಬರೆಯುವುದೂ ಮುಖ್ಯ, ಇಲ್ಲದಿದ್ದರೆ ಖಾತೆಯಲ್ಲಿ ರಜೆ ಇದ್ದರೂ ಪೂರ್ತಿ ಸಂಬಳ ಕಡಿತಕ್ಕೆ ಹಾಕಿಬಿಡುತ್ತಾರೆ.

ಅರ್ಜಿ ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ. ಇನ್ನೊಂದರ ಮೂಲೆಯಲ್ಲಿ ಟಪಾಲು ಸೀಲು, ದಿನಾಂಕ, ತೆಗೆದುಕೊಂಡವರ ಕಿರುಸಹಿ, ಈ ಮೂರೂ ಬಿದ್ದ ಮೇಲೆ ಹೊರಡಿ. ಸೀಲಿನ ದಿನಾಂಕ ಹಳೆಯದಕ್ಕೆ ತಿರುಗಿರುವುದುಂಟು, ಅಲ್ಲೇ ನಿಂತು ನೋಡಿ. ಸೀಲು ಹಾಕಲ್ಲ ಅಂದರೆ ವಾದ ಬೇಡ, ಮನೆಗೆ ಬರುವಾಗ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಅರ್ಜಿಗೆ ಪಿನ್ ಮಾಡಿಡಿ.

ಮಂಜೂರಾತಿ ಬರವಣಿಗೆಯಲ್ಲಿ ಬರುವ ತನಕ ರಜೆ ಸಿಕ್ಕಿದೆ ಅಂದುಕೊಳ್ಳಬೇಡಿ. "ಆಯ್ತು ಹೋಗಮ್ಮ, ನೋಡ್ಕೊತೀನಿ" ಅಂದ ಸೂಪರ್‌ವೈಸರ್ ಮುಂದಿನ ತಿಂಗಳು ಬೇರೆ ಲೈನಿಗೆ ಹೋಗಿರುತ್ತಾರೆ.

## ಹಂತ 6: ಆಗಲ್ಲ ಅಂದರೆ

ಖಾಸಗಿಯಲ್ಲಿ, ಖಾತೆಯಲ್ಲಿರುವ ರಜೆಯನ್ನೇ ಕೊಡದಿದ್ದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ದೂರು ಕೊಡಬಹುದು. ಸಂಬಳವಿಲ್ಲದ ಉದ್ದ ರಜೆ ಮಾತ್ರ ಅವರ ಮರ್ಜಿ, ಅದನ್ನು ಹಕ್ಕು ಅಂತ ಜಗಳ ಮಾಡಿದರೆ ಉಪಯೋಗವಿಲ್ಲ. ಶಿಫ್ಟ್ ಬದಲಿಸಿ, ಬೆಳಗಿನ ಪಾಳಿ ಕೊಡಿ, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಕೊಡಿ ಅಂತ ಕೇಳುವುದು ಜಾಣತನ. ಒಪ್ಪುವ ಮಾಲೀಕರು ಇದ್ದಾರೆ.

ಸರ್ಕಾರಿಯಲ್ಲಿ ರಜೆಯನ್ನು ಹಕ್ಕಾಗಿ ಕೇಳುವಂತಿಲ್ಲ ಅಂತ ನಿಯಮದಲ್ಲೇ ಇದೆ. ಆದರೆ ಅರ್ಹತೆಯೇ ಇಲ್ಲ ಅನ್ನುವುದು ಬೇರೆ, ಈಗ ಕೆಲಸದ ಒತ್ತಡ ಇದೆ ಅನ್ನುವುದು ಬೇರೆ. ತಿರಸ್ಕಾರದಲ್ಲಿ ಯಾವುದು ಬರೆದಿದೆ ನೋಡಿ. ಒತ್ತಡ ಅಂದರೆ ದಿನಾಂಕ ಬದಲಿಸಿ ಮತ್ತೆ ಕೊಡಿ. ಅರ್ಹತೆ ಇಲ್ಲ ಅಂದರೆ ಯಾವ ನಿಯಮದಲ್ಲಿ ಅಂತ ಕೇಳಿ, ಮೇಲಧಿಕಾರಿಗೆ ಮನವಿ ಕೊಡಿ. ಕಡತ ಎಲ್ಲೋ ಕೂತಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ನ್ಯಾಯಮಂಡಳಿ ಕೊನೆಯ ಮಾತು.

## ಹುಷಾರಾಗಬೇಕಾದ ಸೂಚನೆಗಳು

ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ 'ರಜೆ' ಬದಲು 'ಗೈರು' ಅಂತ ಬಿದ್ದಿದ್ದರೆ ಅವತ್ತೇ ಬರೆದು ಸರಿಮಾಡಿಸಿ. ಹೇಳದೆ 10 ದಿನಕ್ಕಿಂತ ಹೆಚ್ಚು ಗೈರಾಗುವುದು ಹಳೇ ಮಾದರಿ ಸ್ಥಾಯಿ ಆದೇಶಗಳಲ್ಲೇ (ಕಾರ್ಖಾನೆಯ ಸೇವಾ ಮತ್ತು ಶಿಸ್ತಿನ ನಿಯಮಗಳಲ್ಲೇ) ದುರ್ನಡತೆ ಅಂತ ಇತ್ತು, ಕೆಲಸದಿಂದ ತೆಗೆಯಲು ಅದೊಂದೇ ಸಾಕು.

"ನಿಮ್ಮ ಹೆಸರಿನಲ್ಲೇ ಒಂದು ಮೆಡಿಕಲ್ ಸರ್ಟಿಫಿಕೇಟ್ ತಂದುಬಿಡಿ, ಎಲ್ಲರೂ ಮಾಡುವುದು ಅದೇ" ಅನ್ನುವ ಸಲಹೆ ಕ್ಯಾಂಟೀನಿನಲ್ಲಿ ಖಂಡಿತ ಸಿಗುತ್ತದೆ. ಬೇಡ. ಇಎಸ್‌ಐ ಕಾಯಿಲೆ ಭತ್ಯೆ ನಿಮ್ಮ ಸ್ವಂತ ಕಾಯಿಲೆಗೆ ಮಾತ್ರ. ಸುಳ್ಳು ಅಂತ ಗೊತ್ತಾದರೆ ಹಣ ವಾಪಸ್, ಕೆಲಸಕ್ಕೂ ಕುತ್ತು. ಅದಕ್ಕಿಂತ ಹೆಚ್ಚಾಗಿ, ನಾಳೆ ಕೋರ್ಟ್‌ನಲ್ಲಿ ಮಗುವಿನ ತಂದೆ ಕಡೆಯವರು ಇದೇ ಕಾಗದ ತೋರಿಸಿ "ಇವರಿಗೇ ಆರೋಗ್ಯ ಸರಿಯಿಲ್ಲ, ಮಗು ಹೇಗೆ ನೋಡಿಕೊಳ್ಳುತ್ತಾರೆ" ಅನ್ನಬಹುದು.

ವಾರದಲ್ಲಿ ಗಾರ್ಡಿಯನ್ ಆದೇಶ ಮಾಡಿಸಿಕೊಡುತ್ತೇನೆ ಅನ್ನುವವರು ಕೊಡುವುದು ನೋಟರಿ ಕಾಗದವನ್ನೇ. ಕೇಸ್ ನಂಬರ್ ಕೇಳಿ. ಇಲ್ಲ ಅಂದರೆ ಕೇಸೇ ಹಾಕಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು "ಈಗ ರಾಜೀನಾಮೆ ಕೊಟ್ಟು ಹೋಗಿ, ಆರು ತಿಂಗಳು ಬಿಟ್ಟು ಮತ್ತೆ ಸೇರಿಸಿಕೊಳ್ಳುತ್ತೇವೆ" ಅನ್ನುವ ಮಾತು. ಕೇಳಲು ಉಪಕಾರದ ಹಾಗೆ ಇರುತ್ತದೆ. ಆದರೆ ಗ್ರಾಚ್ಯುಟಿಗೆ ಬೇಕಾದ ಐದು ವರ್ಷದ ಲೆಕ್ಕ ಮುರಿಯುತ್ತದೆ, ರಜೆಯ 180 ದಿನ ಮತ್ತೆ ಸೊನ್ನೆಯಿಂದ, ಸಂಬಳ ಹೊಸಬರ ಸಂಬಳ. ಎದುರಿಗೆ ಕಾಗದ ಇಟ್ಟು ಸಹಿ ಕೇಳಿದರೆ "ಮನೆಯಲ್ಲಿ ಕೇಳಿ ಬರುತ್ತೇನೆ" ಅಂತ ಹೇಳಿ ಪ್ರತಿ ತೆಗೆದುಕೊಂಡು ಹೊರಗೆ ಬನ್ನಿ. ಒತ್ತಾಯಕ್ಕೆ ಆಗಲೇ ಸಹಿ ಹಾಕಿದ್ದರೆ, ಅವರು ಅಂಗೀಕರಿಸುವ ಮುಂಚೆ, ಅದೇ ದಿನ ಸಂಜೆಯೊಳಗೆ ರಾಜೀನಾಮೆ ವಾಪಸ್ ಪಡೆಯುತ್ತೇನೆ ಅಂತ ಇಮೇಲ್ ಮಾಡಿ, ಮಾರನೇ ದಿನ ಎಂದಿನ ಹೊತ್ತಿಗೆ ಕೆಲಸಕ್ಕೆ ಹೋಗಿ.